ಚೌಳು ಮಣ್ಣಿನ ಉಪ್ಪು

ಚೌಳು ನೆಲಕ್ಕೆ ನೀರು ಬಿದ್ದ ವಾಸನೆ ಮೂಗಿಗೆ ತಾಗಿದರೆ ನಾನು ಇಂದಿಗೂ ಕೂತಲ್ಲಿ ಕೂರಲಾರೆ.

ರಾಯದುರ್ಗದ ನಮ್ಮ ಮನೆಯಲ್ಲಿ ಅಜ್ಜ ಮಡಿಯುಟ್ಟು ಬೇರೆಯೇ ಕೂತು ಉಣ್ಣುತ್ತಿದ್ದ. ಯಾರಾದರೂ ಹತ್ತಿರ ಬಂದರೆ ಎಲೆಯನ್ನು ಸರಕ್ಕನೆ ತನ್ನತ್ತ ಎಳೆದುಕೊಳ್ಳುತ್ತಿದ್ದ. ಅಜ್ಜ ತೀರಿಕೊಂಡ ಮೇಲೆ ಚಿಕ್ಕಪ್ಪ ಖಾದಿ ತೊಟ್ಟು, "ಮನುಷ್ಯರೊಳಗ ಎಂಥಾ ಮಡಿ?" ಎಂದು ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ. ಬ್ರಿಟಿಷ್ ಸರ್ಕಾರದ ಸುಂಕದ ಉಪ್ಪು ಬೇಡವೆಂದು ಹಿತ್ತಲಲ್ಲಿ ಚೌಳು ಮಣ್ಣು ನೆನೆಹಾಕಿ, ಆ ನೀರು ಸೋಸಿ ಕುದಿಸಿ, ಕಂದುಬಣ್ಣದ ಕಹಿ ಉಪ್ಪು ಮಾಡಿದ. ಮುಖ ಕಿವುಚದೆ ನಾವೆಲ್ಲ ಅದನ್ನೇ ತಿಂದೆವು.

ಒಂದು ಮಧ್ಯಾಹ್ನ ಅಮ್ಮನ ಅಣ್ಣ ಊಟಕ್ಕೆ ಬಂದ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಚಿಕ್ಕಪ್ಪ ಅವನ ಎಲೆಯನ್ನು ಕಂಬದಾಚೆ ಹಾಕಿಸಿದ.

"ಸರ್ಕಾರದ ಉಪ್ಪು ತಿನ್ನೋರು ಅಲ್ಲಿ ಕೂಡ್ರಿ."

ನಾನು ನನ್ನ ಎಲೆ ಎತ್ತಿಕೊಂಡು ಅತ್ತ ಹೋದೆ, ಮತ್ತೆ ಇತ್ತ ಬಂದೆ, ಎಲ್ಲಿ ಕೂರಬೇಕೋ ತಿಳಿಯದೆ ಕಂಬದ ಬಳಿ ನಿಂತೆ.

ಮಾವ ನಕ್ಕ. "ಆಗ್ಲಿ ಬಿಡ್ರಿ. ನಿಮ್ಮ ಉಪ್ಪಿನ ರುಚಿ ನಾನೂ ನೋಡ್ತೀನಿ, ಒಂದು ಚಿಟಿಕಿ ಕೊಡ್ರಿ," ಎಂದು ಚಿಕ್ಕಪ್ಪನ ಎಲೆಯತ್ತ ಕೈ ಚಾಚಿದ.

ಚಿಕ್ಕಪ್ಪ ಎಲೆಯನ್ನು ಸರಕ್ಕನೆ ತನ್ನತ್ತ ಎಳೆದುಕೊಂಡ.