ಮೂರನೆಯ ಮುರಿತ

ಪಕ್ಕದ ಮನೆಯ ಅಂಬುಜಾಕ್ಷಿ ಒಂದೇ ವರ್ಷದಲ್ಲಿ ಮೂರನೆಯ ಸಲ ಮೂಳೆ ಮುರಿದುಕೊಂಡಾಗ, 'ಪಾಪ, ಮತ್ತೆ ಬಚ್ಚಲಲ್ಲಿ ಜಾರಿದಳಂತೆ' ಎಂದು ಹೇಳಿ ಸುಮ್ಮನಾದವರು ನೀವೇ ಅಲ್ಲವೇ?

ಆಸ್ಪತ್ರೆಯಲ್ಲಿ ಅವಳ ಗಂಡ ವೈದ್ಯೆಗೇ ಪಾಠ ಹೇಳಿದ.

"ರಕ್ತದಲ್ಲಿ ಕೊಬ್ಬು ಜಾಸ್ತಿಯಾದ್ರೆ ಮೂಳೆ ಟೊಳ್ಳಾಗುತ್ತಂತೆ ಮೇಡಂ, ಪೇಪರಲ್ಲಿ ಓದಿದೀನಿ. ಇವಳು ತಿನ್ನೋ ತುಪ್ಪಕ್ಕೆ, ಬಚ್ಚಲಲ್ಲಿ ಜಾರಿದ್ರೆ ಮುರೀದೆ ಇರುತ್ತಾ? ಟೆಸ್ಟ್ ಮಾಡಿ, ಹಾಗಂತ ಬರೆದುಕೊಡಿ. ಬೇಕಾದ್ರೆ ನನ್ನದೂ ಮಾಡಿ ಹೋಲಿಸಿ ನೋಡಿ. ಉಕ್ಕು!"

ವೈದ್ಯೆ ಇಬ್ಬರ ರಕ್ತವನ್ನೂ ಮೂಳೆಯ ಸಾಂದ್ರತೆಯನ್ನೂ ಪರೀಕ್ಷಿಸಿದರು. ಮರುದಿನ ದಂಪತಿಯನ್ನು ಕರೆಸಿ, ವರದಿಯೊಂದನ್ನು ಕೈಗೆತ್ತಿಕೊಂಡರು.

"ಕೊಬ್ಬು ತುಂಬಾ ಜಾಸ್ತಿ ಇದೆ. ಮೂಳೆಯೂ ಸವೆದಿದೆ."

"ನಾನು ಹೇಳ್ಲಿಲ್ವಾ? ಕೇಳಿಸ್ಕೊಂಡ್ಯೇನೇ?" ಎಂದು ಗಂಡ ಅವಳ ಪ್ಲಾಸ್ಟರಿನ ಕೈಯನ್ನೇ ತಿವಿದ. ಅವಳು ನೋವಿಗೆ ಹಲ್ಲು ಕಚ್ಚಿದಳು.

"ಇದು ನಿಮ್ಮ ವರದಿ," ಎಂದರು ವೈದ್ಯೆ. "ಇವರ ರಕ್ತ ಚೆನ್ನಾಗಿದೆ, ಮೂಳೆ ಗಟ್ಟಿಯಾಗಿದೆ. ಇಬ್ಬರೂ ಸ್ನಾನ ಮಾಡೋದು ಒಂದೇ ಬಚ್ಚಲಲ್ಲಿ. ಟೊಳ್ಳು ಮೂಳೆಯ ನಿಮಗೆ ಒಂದು ಗೀರೂ ಇಲ್ಲ, ಇವರಿಗೆ ಮೂರು ಮುರಿತ. ಯಾವುದ್ರಲ್ಲಿ ಹೊಡೆದ್ರಿ?"

ಉತ್ತರ ಕೊಟ್ಟವಳು ಅಂಬುಜಾಕ್ಷಿ.

"ಕಬ್ಬಿಣದ ಪೈಪಲ್ಲಿ, ಮೇಡಂ."

ಈಗ ಅವಳು ಠಾಣೆಯಲ್ಲಿ ಕುಳಿತು ದೂರು ಬರೆಸುತ್ತಿದ್ದಾಳೆ. ಮೂರು ಸಲವೂ ಅವಳ ಚೀರಾಟವನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡವರು ನೀವು. ದಯವಿಟ್ಟು ಎದ್ದು ಹೋಗಿ, ಸಾಕ್ಷಿ ಹೇಳಿ.