ಕಿತ್ತ ಎಲೆ ಕಾಯುವುದಿಲ್ಲ

“ಮಳೆಗಾಲಕ್ಕೆ ಇಳಿಯುತ್ತೆ, ಬೇಸಿಗೆಗೆ ಏರುತ್ತೆ. ಪ್ರತಿ ವರ್ಷ ಇದ್ದದ್ದೇ ಅಲ್ವಾ ಅಕ್ಕಾ?” ಎನ್ನುತ್ತ ಚಹಾ ಕಾರ್ಖಾನೆಯ ಏಜೆಂಟ್ ಲಾರಿಗೆ ತೂಗುಹಾಕಿದ್ದ ತಕ್ಕಡಿಯ ಕೊಕ್ಕೆಯನ್ನು, ಬುಟ್ಟಿ ಹೊತ್ತು ಸಾಲಿನ ಮುಂದೆ ನಿಂತಿದ್ದ ಅವಳತ್ತ ಎಳೆದ. ಹೋದ ವಾರ ಕಿಲೋಗೆ ಹದಿನೈದು ರೂಪಾಯಿ ಇದ್ದ ಹಸಿ ಚಹಾ ಎಲೆಯ ದರ ಇವತ್ತು ಹನ್ನೆರಡು.

“ಹನ್ನೊಂದು ವರ್ಷದಿಂದ ಇದನ್ನೇ ಕೇಳ್ತಿದ್ದೀನಿ ತಮ್ಮಾ. ಇಳಿಯೋದು ಎರಡು ಮೆಟ್ಟಿಲು, ಏರೋದು ಒಂದು. ನಾನು ಮೊದಲ ಸಲ ಎಲೆ ತೂಗಿಸಿದ ವರ್ಷ ಮಳೆಗಾಲದಲ್ಲಿ ಕೊಟ್ಟಷ್ಟನ್ನ ನೀವು ಈ ಬೇಸಿಗೆಯಲ್ಲೂ ಕೊಡಲಿಲ್ಲ.”

“ಬೇಡದಿದ್ರೆ ವಾಪಸ್ ತಗೊಂಡು ಹೋಗಿ” ಎಂದು ಅವನು ನಕ್ಕ. ಆ ನಗು ಅವಳಿಗೆ ಗೊತ್ತಿತ್ತು. ಕಿತ್ತ ಎಲೆ ಸಂಜೆಯೊಳಗೆ ಬಿಸಿಯೇರಿ ಕಪ್ಪಾಗುತ್ತದೆ. ಅದಕ್ಕೇ ಅವನು ದರ ಹೇಳುತ್ತಿದ್ದದ್ದು ಯಾವಾಗಲೂ ಎಲೆ ಕಿತ್ತಾದ ಮೇಲೆ. ಗಂಡ ಪ್ರತಿ ಸಲವೂ ‘ಹೋಗಲಿ ಬಿಡು’ ಎನ್ನುತ್ತಿದ್ದ. ಅವನಿಗೆ ಬಿಡುವುದು ಸುಲಭವಿತ್ತು. ಎಲೆಯ ಕರೆ ಹಿಡಿದು ಕಪ್ಪಾಗಿದ್ದ ಬೆರಳುಗಳು ಅವಳವು.

ಅವಳು ಬುಟ್ಟಿಯ ಮೇಲಿನ ಒದ್ದೆ ಬಟ್ಟೆಯನ್ನು ಎಳೆದಳು. ಬುಟ್ಟಿ ಖಾಲಿಯಿತ್ತು. ಅದನ್ನೇ ಕೊಕ್ಕೆಗೆ ಸಿಕ್ಕಿಸಿ, “ತೂಗು” ಎಂದಳು. ಹಿಂದೆ ಸಾಲಿನಲ್ಲಿ ನಿಂತಿದ್ದ ಓರಗಿತ್ತಿ, ನಾದಿನಿ, ಪಕ್ಕದ ತೋಟದ ಅಜ್ಜಿ ಒಬ್ಬೊಬ್ಬರಾಗಿ ತಮ್ಮ ಬುಟ್ಟಿಗಳ ಬಟ್ಟೆ ಸರಿಸಿದರು. ಯಾರ ಬುಟ್ಟಿಯಲ್ಲೂ ಎಲೆಯಿರಲಿಲ್ಲ.

ಅವನ ನಗು ಇಂಗಿತು. “ಗಿಡದಲ್ಲೇ ಬಲಿತು ಹೋದ್ರೆ ನಷ್ಟ ನಿಮಗೇ.”

“ಗೊತ್ತು. ಗಿಡದ ಮೇಲೆ ಇನ್ನೂ ನಾಲ್ಕು ದಿನ ತಡೆಯುತ್ತೆ. ನಿಮ್ಮ ಕಾರ್ಖಾನೇಲಿ ಬೆಳಿಗ್ಗೆಯಿಂದ ಎಲೆ ಒಣಗಿಸೋ ಒಲೆ ಉರೀತಿದೆಯಲ್ಲ, ಎಲೆಯಿಲ್ಲದೆ ಅದು ಎಷ್ಟು ಹೊತ್ತು ತಡೆಯುತ್ತೆ ಅಂತ ಕೇಳ್ಕೊಂಡು ಬಾ.”