ಮೊದಲು ಯಾರನ್ನು ನೋಡಬೇಕು

ಕಟ್ಟುತ್ತಿದ್ದ ನಾಲ್ಕಂತಸ್ತಿನ ಕಟ್ಟಡದ ಸಾರವೆ ಕುಸಿದು, ಕೆಲಸ ಮಾಡುತ್ತಿದ್ದ ಹನ್ನೊಂದು ಜನರನ್ನು ಆಸ್ಪತ್ರೆಗೆ ತಂದಾಗ ಬೆಳಗಿನ ಹತ್ತೂವರೆ. ತುರ್ತು ವಿಭಾಗದಲ್ಲಿದ್ದದ್ದು ಆರೇ ಮಂಚ. ಉಳಿದವರನ್ನು ನೆಲದ ಮೇಲೆ ಮಲಗಿಸಿದ್ದರು. ನರ್ಸಿಂಗ್ ಎರಡನೇ ವರ್ಷದ ಹುಡುಗಿ ಕೈಗವಸು ಎಳೆದುಕೊಳ್ಳುತ್ತ ಬಾಗಿಲು ದಾಟಿದಳೋ ಇಲ್ಲವೋ, "ಗುಬ್ಬೀ" ಎಂಬ ಕೂಗು ಕೇಳಿಸಿತು. ಅವಳನ್ನು ಹಾಗೆ ಕರೆಯುವವನು ಈ ಭೂಮಿಯ ಮೇಲೆ ಒಬ್ಬನೇ, ಗಾರೆ ಕೆಲಸದ ಅವಳಪ್ಪ. ಅಂದು ಬೆಳಿಗ್ಗೆ, "ಪರೀಕ್ಷೆ ನಾಳೆ ತಾನೇ, ಸಂಜೆ ಇನ್ನೊಂದು ಸಲ ಪ್ರಶ್ನೆ ಕೇಳ್ತೀನಿ" ಎಂದು ಹೇಳಿ, ಊಟದ ಡಬ್ಬಿ ಹಿಡಿದು ಅವಳಿಗಿಂತ ಮೊದಲೇ ಮನೆಯಿಂದ ಹೊರಟಿದ್ದ.

ಅವನು ಗೋಡೆಯ ಪಕ್ಕ ಬಿದ್ದಿದ್ದ. "ಸೊಂಟ ಹೋಯ್ತು ಕಣೇ, ಬಾರೇ ಇಲ್ಲಿ" ಎಂದು ಕೈಯೆತ್ತಿ ಕರೆಯುತ್ತಿದ್ದ. ಅವಳು ಓಡಿದಳು. ನಾಲ್ಕು ಹೆಜ್ಜೆಗೇ ಕಾಲು ನಿಂತಿತು. ದಾರಿಯಲ್ಲಿ ಒಬ್ಬ ಹೆಂಗಸು ಅಂಗಾತ ಬಿದ್ದಿದ್ದಳು, ಮುಖದ ತುಂಬ ಸಿಮೆಂಟಿನ ಧೂಳು. ಅವಳು ನರಳುತ್ತಿರಲಿಲ್ಲ. ಆದ್ದರಿಂದಲೇ ಯಾರೂ ಅವಳ ಹತ್ತಿರ ಇರಲಿಲ್ಲ.

ಹೋದ ತಿಂಗಳು ಹುಡುಗಿ ಇದೇ ವಿಷಯದಲ್ಲಿ ಫೇಲಾಗಿದ್ದಳು. ಜೊತೆಯ ಹುಡುಗಿಯರೇ ಗಾಯಾಳುಗಳ ಹಾಗೆ ಮಲಗಿದ್ದ ಪರೀಕ್ಷೆಯಲ್ಲಿ, ದೊಡ್ಡದಾಗಿ ಅತ್ತವಳ ಬಳಿಗೇ ಮೊದಲು ಓಡಿದ್ದಳು. ಕರುಳು ಅಂಥದ್ದು, ಏನು ಮಾಡುವುದು. ಹಿರಿಯ ಸಿಸ್ಟರ್ ಬೈಯಲಿಲ್ಲ. ರಟ್ಟು ಹರಿದ ಪುಸ್ತಕವೊಂದನ್ನು ಕೈಗಿಟ್ಟು, "ನಿನ್ನ ಕರುಳಿಗೆ ಓದು ಬರಲ್ಲ. ನೀನು ಓದಿ ಅದಕ್ಕೆ ಕಲಿಸು" ಎಂದರು. ಅಂದಿನಿಂದ ದಿನಾ ಸಂಜೆ ಅಪ್ಪನೇ ಪರೀಕ್ಷಕ. ಮೂರನೇ ಕ್ಲಾಸಿಗೆ ಮುಗಿದ ಓದು ಅವನದು. ಅಕ್ಷರ ಕೂಡಿಸಿ ಕೂಡಿಸಿ ಪ್ರಶ್ನೆ ಓದುತ್ತಿದ್ದ.

"ನಾಲ್ಕು ಜನ ಬಿದ್ದಿದ್ದಾರೆ. ಮೊದಲು ಯಾರನ್ನ ನೋಡ್ತೀಯ?"

"ಸದ್ದಿಲ್ಲದೆ ಬಿದ್ದಿರೋರನ್ನ. ಕೂಗೋರಿಗೆ ಉಸಿರಿದೆ ಅಂತ ಗೊತ್ತಾಗುತ್ತಲ್ಲ, ಅವರು ಸ್ವಲ್ಪ ಕಾಯಬಹುದು."

"ಅಳದೆ ಇದ್ರೆ ಹೆತ್ತ ತಾಯಿನೂ ಹಾಲು ಕೊಡಲ್ಲ ಅಂತಾರೆ. ನಿನ್ನ ಪುಸ್ತಕ ಉಲ್ಟಾ ಹೇಳ್ತದಲ್ಲೇ." ಆಮೇಲೆ, ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದ ಹೆಂಡತಿಯ ಕಡೆ ಕಣ್ಣು ಹೊಡೆದು, "ಹಾಗಿದ್ರೆ ನಿಮ್ಮಮ್ಮನ ಸರದಿ ಬರೋದು ಎಲ್ಲರೂ ಮನೆಗೆ ಹೋದ ಮೇಲೇ" ಎನ್ನುತ್ತಿದ್ದ.

ಈಗ ಪುಸ್ತಕ ಒಂದು ಕಡೆ ಎಳೆಯಿತು, ಕರುಳು ಇನ್ನೊಂದು ಕಡೆ. ಅಪ್ಪ ಇಷ್ಟು ಜೋರಾಗಿ ಕೂಗುತ್ತಿದ್ದಾನೆ, ಅವನಿಗೇನೂ ಆಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಅವಳು ಆ ಹೆಂಗಸಿನ ಪಕ್ಕ ಮಂಡಿಯೂರಿದಳು. ಬಾಯಿಗೆ ಬೆರಳು ಹಾಕಿ ಒಳಗೆ ಸೇರಿದ್ದ ಗಾರೆ ತೆಗೆದಳು. ಎದೆ ಏಳುತ್ತಿರಲಿಲ್ಲ, ಕತ್ತಿನ ನಾಡಿ ಮಾತ್ರ ಸಣ್ಣಗೆ ಬಡಿಯುತ್ತಿತ್ತು. ಮೂಗು ಬಾಯಿ ಮುಚ್ಚುವ ಮಾಸ್ಕ್ ಒತ್ತಿ ಹಿಡಿದು, ಅದಕ್ಕೆ ಸೇರಿದ್ದ ರಬ್ಬರ್ ಚೀಲವನ್ನು ಹಿಸುಕತೊಡಗಿದಳು. ಒಂದು ಸಲ ಹಿಸುಕಿದರೆ ಒಂದು ಉಸಿರು. ಕೈ ಬಿಟ್ಟರೆ ಅದೂ ಇಲ್ಲ.

"ಸಿಸ್ಟರ್, ಆ ಗೋಡೆ ಹತ್ರ ಇರೋರು ನಮ್ಮಪ್ಪ."

ಹಿರಿಯ ಸಿಸ್ಟರ್ ಒಂದು ಕ್ಷಣ ಅವಳ ಮುಖ ನೋಡಿದರು. ಅವರ ಎರಡೂ ಕೈ ಇನ್ನೊಬ್ಬನ ತೊಡೆಯಿಂದ ಚಿಮ್ಮುತ್ತಿದ್ದ ರಕ್ತವನ್ನು ಒತ್ತಿ ಹಿಡಿದಿದ್ದವು. "ಮಾತಾಡ್ತಿದ್ದಾರಾ?" ಎಂದು ಕೇಳಿದರು.

"ಹ್ಞೂಂ."

"ಹಾಗಾದ್ರೆ ನೀನು ಕೈ ಬಿಡಬೇಡ. ಡಾಕ್ಟರು ಆ ಕಡೆಯಿಂದಲೇ ಬರ್ತಿದ್ದಾರೆ."

ಅವಳು ಬಿಡಲಿಲ್ಲ. ಅಪ್ಪ ಬೈದ. "ಹೆತ್ತಪ್ಪನ್ನ ಬಿಟ್ಟು ಯಾರದೋ ಸೇವೆ ಮಾಡ್ತಾ ಕೂತಿದ್ದೀಯಲ್ಲೇ" ಎಂದ. ಆಮೇಲೆ ನೀರು ಕೇಳಿದ. ಆಮೇಲೆ ಬರೀ "ಗುಬ್ಬಿ, ಗುಬ್ಬಿ" ಎಂದ. ಅವಳು ಅಳುತ್ತಲೇ ಎಣಿಸಿ ಎಣಿಸಿ ಹಿಸುಕಿದಳು. ಎಣಿಕೆ ತೊಂಬತ್ತು ದಾಟುವಷ್ಟರಲ್ಲಿ ಆ ದನಿ ನಿಂತುಹೋಯಿತು. ನಡುವೆ ಓಡಾಡುವವರ ಕಾಲುಗಳು, ಅಪ್ಪ ಕಾಣಿಸಲಿಲ್ಲ.

"ಅಪ್ಪಾ, ಮಾತಾಡು" ಎಂದಳು. "ಬೈಯಪ್ಪ. ಏನಾದ್ರೂ ಬೈ."

ಡಾಕ್ಟರು ಅವನ ಹತ್ತಿರ ಬಂದಾಗ ಮಾಡಲು ಏನೂ ಉಳಿದಿರಲಿಲ್ಲ. ಮುರಿದ ಸೊಂಟದ ಒಳಗೊಳಗೇ ರಕ್ತ ಸೋರಿಹೋಗಿತ್ತಂತೆ, ಹೊರಗೆ ಒಂದು ತೊಟ್ಟೂ ಕಾಣದ ಹಾಗೆ. ಆ ಹೆಂಗಸು ಮಧ್ಯಾಹ್ನದ ಹೊತ್ತಿಗೆ ತಾನಾಗಿ ಉಸಿರಾಡತೊಡಗಿದಳು. ಹಿರಿಯ ಸಿಸ್ಟರ್ ಹುಡುಗಿಯ ಕೈಗವಸುಗಳನ್ನು ತಾವೇ ಬಿಚ್ಚಿ, "ನೀನು ಮಾಡಿದ್ದು ಸರಿ" ಎಂದರು. ಆ ಸರಿಯನ್ನು ಕಟ್ಟಿಕೊಂಡು ಏನು ಮಾಡಬೇಕೋ ಅವಳಿಗೆ ತಿಳಿಯಲಿಲ್ಲ.

ಅಮ್ಮ ಬಂದಾಗ, ತಲೆಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ ಇನ್ನೊಬ್ಬ ಗಾರೆಯವನು ನಡೆದದ್ದನ್ನೆಲ್ಲ ಹೇಳಿದ. ಅಪ್ಪ ಮಗಳನ್ನು ಎಷ್ಟು ಸಲ ಕರೆದ ಎಂಬುದನ್ನೂ ಬಿಡಲಿಲ್ಲ. ಅಮ್ಮ ಗಂಡನ ಪಾದ ಹಿಡಿದುಕೊಂಡು ಕೂತಳು. ತಲೆಯೆತ್ತಿ ಮಗಳನ್ನು ನೋಡಿದಳು.

"ಅಷ್ಟೊಂದು ಕರೆದ್ರಂತಲ್ಲೇ. ನಿನಗೆ ಕೇಳಿಸಲೇ ಇಲ್ವಾ?"

"ಕೇಳಿಸ್ತಿತ್ತಮ್ಮ" ಎಂದಳು ಹುಡುಗಿ. "ಕೇಳಿಸ್ತಿರೋ ತನಕ ಧೈರ್ಯವಾಗಿದ್ದೆ."